ಮಳೆ ಸುದ್ದಿ ಬರುತ್ತೆ, ಕೋಡಿ ಸುದ್ದಿ ಬರಲ್ಲ

ತುಮಕೂರು ಅಂದರೆ ಬರ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಜಯಮಂಗಲಿ, ಶಿಂಷಾ ಎರಡೂ ಹುಟ್ಟುವುದು ನಮ್ಮ ದೇವರಾಯನದುರ್ಗದ ಸುತ್ತಲೇ. ಬೆಟ್ಟದ ಕಡೆ ರಾತ್ರಿ ಜೋರು ಮಳೆ ಬಿದ್ದರೆ ಸಾಕು, ಒಣಗಿ ಬಿದ್ದಿದ್ದ ಹಳ್ಳ ಬೆಳಗಾಗುವಷ್ಟರಲ್ಲಿ ದಾಟಲಾಗದಂತೆ ಹರಿಯುತ್ತಿರುತ್ತದೆ.

ಹಿಂದೆ ಇದರ ಮೇಲೆ ಕಣ್ಣಿಡುತ್ತಿದ್ದವರು ನೀರುಗಂಟಿಗಳು. ಈ ಸೀಮೆಯ ಕೆರೆಗಳು ಒಂದರ ಕೆಳಗೊಂದು ಇವೆ. ಮೇಲಿನದು ತುಂಬಿ ಕೋಡಿಯಲ್ಲಿ ಹೊರಚೆಲ್ಲುವ ನೀರೇ ಕೆಳಗಿನದಕ್ಕೆ ಬರುವುದು. ಗದ್ದೆಗೆ ನೀರು ಬಿಡುವ ತೂಬು, ಏರಿ, ಕೋಡಿ ಮೂರನ್ನೂ ಬಲ್ಲ ಮನುಷ್ಯ ಊರಲ್ಲೇ ಇರುತ್ತಿದ್ದ. ಊರಿಗೆ ಸುದ್ದಿ ಮುಟ್ಟಿಸಲು ತಮಟೆ ಇತ್ತು. ಕೆರೆಗಳು ಇಲಾಖೆ ಕೈಗೆ ಹೋದ ಮೇಲೆ ಈ ಕೆಲಸ ಮೆಲ್ಲಗೆ ಮರೆಯಾಯಿತು.

ಅತ್ತ ಮುನ್ಸೂಚನೆ ಬೆಳೆಯುತ್ತಾ ಹೋಯಿತು. 1988ರಲ್ಲಿ ಬರದ ಮೇಲೆ ನಿಗಾ ಇಡಲು ಶುರುವಾದ ಘಟಕವೇ ಇವತ್ತಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ. 2020ರಲ್ಲಿ ಹವಾಮಾನ ಇಲಾಖೆ ದಿಢೀರ್ ಪ್ರವಾಹದ ಅಪಾಯವನ್ನು 6 ಗಂಟೆ ಮೊದಲೇ ಅಂದಾಜಿಸುವ ವ್ಯವಸ್ಥೆ ತಂದಿತು. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲ್‌ಗಳೆಲ್ಲ ಒಟ್ಟಿಗೆ ಕೂಗಿಕೊಂಡಿದ್ದು ನೆನಪಿದೆ ಅಲ್ವಾ? ಅದು ತುರ್ತು ಎಚ್ಚರಿಕೆ ಕಳಿಸುವ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯ ಪರೀಕ್ಷೆ. ಯಾರ ನಂಬರೂ ಬೇಕಿಲ್ಲ, ಬೇಕಾದ ಟವರ್‌ಗಳ ವ್ಯಾಪ್ತಿಯ ಫೋನ್‌ಗಳಿಗಷ್ಟೇ ಕಳಿಸಬಹುದು.

ಇಷ್ಟಿದ್ದೂ ನಮಗೆ ಜಾಸ್ತಿ ಸಿಗುವುದು 'ತುಮಕೂರು ಜಿಲ್ಲೆಗೆ ಆರೆಂಜ್ ಅಲರ್ಟ್' ಎಂಬ ಒಂದು ಸಾಲು. ಪಾವಗಡಕ್ಕೂ ಅದೇ, ಕುಣಿಗಲ್‌ಗೂ ಅದೇ. ಹಳ್ಳದಾಚೆ ಹಸು ಕಟ್ಟಿದವರು ಅದನ್ನು ಓದಿ ಏನು ಮಾಡಬೇಕು? ಬಣ್ಣ ಹೇಳುವುದು ಎಷ್ಟು ಸಜ್ಜಾಗಿರಬೇಕು ಎಂಬುದನ್ನಷ್ಟೇ. ಯಾವ ಸೇತುವೆ ದಾಟಬಾರದು ಅಂತ ಅದು ಹೇಳಲ್ಲ.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನೇ ನೋಡಿ. ಹೆಚ್ಚಾದ ನೀರು ಹೊರಬಿಡುವ ಅಲ್ಲಿನ ಸೈಫನ್‌ಗೆ ಗೇಟು ಎತ್ತುವವರು ಬೇಡ. ನೀರಿನ ಮಟ್ಟ ಏರಿದರೆ ತಾನಾಗಿ ಹರಿಯಲು ಶುರುವಾಗುತ್ತದೆ. ಅಪರೂಪದ ಕೌಶಲ, ನಿಜ. ಆದರೆ 2025ರ ಅಕ್ಟೋಬರ್‌ನಲ್ಲಿ ಏಕಾಏಕಿ ನುಗ್ಗಿದ ಆ ನೀರಿಗೆ ಸಿಕ್ಕಿ, ಸುತ್ತಾಡಲು ಬಂದಿದ್ದ ಕುಟುಂಬದವರು ಕೊಚ್ಚಿಹೋದರು. ಅಲ್ಲಿ ನೀರಿನ ಮಟ್ಟ ನೋಡಿ ತಾನೇ ಕೂಗುವ ಸೈರನ್ ಬೇಕು. ಆ ಟವರ್‌ನ ಫೋನ್‌ಗಳಿಗೆ 'ಕೂಡಲೇ ನೀರಿನಿಂದ ಮೇಲೆ ಬನ್ನಿ' ಎಂಬ ನೇರ ಕನ್ನಡದ ಸಂದೇಶ ಹೋಗಬೇಕು. ಫೋನಿಲ್ಲದ ಅಜ್ಜಿಗೆ, ಹೊಲದಲ್ಲಿರುವವರಿಗೆ ಪಂಚಾಯಿತಿಯ ಕಸದ ಗಾಡಿಯ ಮೈಕು ಸಾಕು. ಮೇಲಿನ ಕೆರೆ ಕೋಡಿ ಬಿದ್ದ ಗಳಿಗೆಗೇ ಕೆಳಗಿನ ಪಂಚಾಯಿತಿಗೆ ಫೋನ್ ಮಾಡುವುದು ಯಾರ ಕೆಲಸ ಅಂತ ಮಳೆಗಾಲಕ್ಕೆ ಮುಂಚೆಯೇ ಬರೆದು ಗೋಡೆಗೆ ಅಂಟಿಸಿರಬೇಕು.