ಲಾಗ್ ಫೈಲು ಡಿಸ್ಕ್ ಬಿಟ್ಟು ರ‍್ಯಾಮಿಗೆ ಬಂದ ಕಥೆ

80ರ ದಶಕದಲ್ಲಿ ಎರಿಕ್ ಆಲ್ಮನ್ ತಮ್ಮ ಮೇಲ್ ಸರ್ವರ್ ಸೆಂಡ್‌ಮೇಲ್‌ಗೋಸ್ಕರ ಸಿಸ್‌ಲಾಗ್, ಅಂದ್ರೆ ಸಿಸ್ಟಮ್‌ನಲ್ಲಿ ಏನೇನಾಯ್ತು ಅಂತ ಸಾಲುಸಾಲಾಗಿ ದಾಖಲಿಸೋ ಪ್ರೋಗ್ರಾಮ್ ಬರೆದ್ರು, ಆಮೇಲೆ ಅದೇ ಯುನಿಕ್ಸ್ ಲೋಕದ ರೂಢಿ ಆಯ್ತು. ಲಿನಕ್ಸ್‌ನ ಹಳೇ ಸಿಸ್‌ಲಾಗ್‌ಡಿ ಒಂದೊಂದು ಸಾಲು ಬರೆದಾಗ್ಲೂ ತಕ್ಷಣ ಡಿಸ್ಕಿಗೆ ಮುಟ್ಟಿಸ್ತಿತ್ತು (ಸಿಂಕ್), ಬೇಡ ಅಂದ್ರೆ ಕಾನ್ಫಿಗ್ ಫೈಲಲ್ಲಿ ಲಾಗ್ ಫೈಲಿನ ಪಾತ್ ಶುರುವಾಗೋಕೆ ಮೊದಲು ಒಂದು ಮೈನಸ್ ಹಾಕ್ಬೇಕಿತ್ತು. ಸಿಸ್ಟಮ್ ಕ್ರ್ಯಾಶ್ ಆದ್ರೆ ಕೊನೇ ಸಾಲು ಸಿಗ್ಲಿ ಅಂತ ಹಾಗೆ, ಅದು ಸರಿಯಾಗೇ ಇತ್ತು. ತಿರುಗೋ ಹಾರ್ಡ್ ಡಿಸ್ಕ್ ಇದ್ರಿಂದ ಸ್ವಲ್ಪ ಸ್ಲೋ ಆಗ್ತಿತ್ತು ಅಷ್ಟೇ.

ತೊಂದ್ರೆ ಫ್ಲ್ಯಾಶ್ ಮೆಮೊರಿದು, ಅಂದ್ರೆ ಎಸ್‌ಡಿ ಕಾರ್ಡ್ ಥರದ್ದು. ಇಲ್ಲಿ ಹಳೇದರ ಮೇಲೆ ನೇರ ಬರೆಯೋಕಾಗಲ್ಲ, ದೊಡ್ಡ ಬ್ಲಾಕ್ ಪೂರ್ತಿ ಅಳಿಸ್ಬೇಕು, ಹಾಗಾಗಿ ನೂರು ಬೈಟಿನ ಒಂದು ಲಾಗ್ ಸಾಲಿಗೂ ಕಾರ್ಡ್ ಒಳಗೆ ಅದರ ಎಷ್ಟೋ ಪಟ್ಟು ಬರವಣಿಗೆ ಆಗತ್ತೆ, ಮತ್ತೆ ಪ್ರತಿ ಬ್ಲಾಕ್ ಇಷ್ಟು ಸಲ ಅಂತಾನೇ ಅಳಿಸೋಕಾಗೋದು. ರೌಟರ್ ಮಾಡೋರಿಗೆ ಇದು ಗೊತ್ತಿತ್ತು, ರೌಟರ್‌ಗಳಲ್ಲಿ ಓಡೋ ಲಿನಕ್ಸ್ ಓಪನ್‌ವರ್ಟ್‌ನಲ್ಲಿ ಲಾಗ್ ಮೆಮೊರಿಯ ರಿಂಗ್ ಬಫರ್‌ನಲ್ಲೇ (ತುಂಬಿದ್ರೆ ಹಳೇದನ್ನ ಬಿಟ್ಟು ಹೊಸದು ಬರೆಯೋ ಜಾಗ) ಇರತ್ತೆ, ಲಾಗ್‌ರೀಡ್ ಅನ್ನೋ ಕಮಾಂಡ್ ಕೊಟ್ಟು ನೋಡ್ಬೇಕು. 2007ರಲ್ಲಿ ಫ್ಲ್ಯಾಶ್ ಇದ್ದ ಪುಟ್ಟ ಲ್ಯಾಪ್‌ಟಾಪ್ ಈಈಈ ಪಿಸಿ, 2012ರಲ್ಲಿ ಎಸ್‌ಡಿ ಕಾರ್ಡಿಂದ ಓಡೋ ಪುಟ್ಟ ಕಂಪ್ಯೂಟರ್ ಬೋರ್ಡ್ ರಾಸ್ಪ್‌ಬೆರಿ ಪೈ ಬಂದ್ಮೇಲೆ ಮನೆಮನೆಯಲ್ಲೂ ಇದೇ ತಲೆನೋವು.

ಲಿನಕ್ಸ್ 2.4 ಕರ್ನಲ್ ಕಾಲದಿಂದ ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರೋ ಫೈಲ್ ಸಿಸ್ಟಮ್) ಇತ್ತಲ್ಲ, ಏನನ್ನ ಎಲ್ಲಿ ಮೌಂಟ್ ಮಾಡ್ಬೇಕು ಅಂತ ಹೇಳೋ ಎಫ್‌ಸ್ಟ್ಯಾಬ್ ಫೈಲಲ್ಲಿ ಒಂದು ಸಾಲು ಸೇರಿಸಿ ಲಾಗ್ ಫೋಲ್ಡರನ್ನ (/var/log) ರ‍್ಯಾಮಿಗೆ ಮೌಂಟ್ ಮಾಡೋದು ಶುರುವಾಯ್ತು. ಸೈಜ್ ಹೇಳದಿದ್ರೆ ಅದು ಅರ್ಧ ರ‍್ಯಾಮ್‌ವರೆಗೂ ತಿನ್ನಬಹುದು, ಚಿಕ್ಕ ಬೋರ್ಡಲ್ಲಿ ಇದನ್ನ ಮರೀಲೇಬಾರದು. ಇನ್ನೊಂದು ಪೆಟ್ಟು ರೀಬೂಟ್ ಆದಾಗ: ಫೋಲ್ಡರ್ ಖಾಲಿ, ವೆಬ್ ಸರ್ವರ್ ಎಂಜಿನ್‌ಎಕ್ಸ್ ತನ್ನ ಲಾಗ್ ಡೈರೆಕ್ಟರಿ ಹುಡುಕತ್ತೆ, ಸಿಗಲ್ಲ, ಸ್ಟಾರ್ಟೇ ಆಗಲ್ಲ.

ಲಾಗ್2ರ‍್ಯಾಮ್ ಅನ್ನೋ ಟೂಲ್ ಹುಟ್ಟಿಕೊಂಡಿದ್ದು ಇಂಥದ್ದಕ್ಕೇ. ಬೂಟ್ ಆಗುವಾಗ ಹಳೇ ಲಾಗನ್ನ ಡಿಸ್ಕಿಂದ ರ‍್ಯಾಮಿಗೆ ಕಾಪಿ ಮಾಡತ್ತೆ, ದಿನಕ್ಕೊಂದು ಸಲ ಮತ್ತು ಶಟ್‌ಡೌನ್‌ನಲ್ಲಿ ವಾಪಸ್ ಬರೆಯತ್ತೆ. ಆದ್ರೆ ಮಧ್ಯದಲ್ಲಿ ಕರೆಂಟ್ ಹೋದ್ರೆ ಕೊನೇ ಸಲ ವಾಪಸ್ ಬರೆದ್ಮೇಲಿನ ಲಾಗ್ ಹೋಯ್ತು ಅಂತಲೇ. ಸಿಸ್ಟಮ್‌ಡಿ ಜೊತೆಗಿನ ಲಾಗ್ ಪ್ರೋಗ್ರಾಮ್ ಜರ್ನಲ್‌ಡಿ ಬಂದ್ಮೇಲೆ ಕೆಲಸ ಇನ್ನೂ ಸುಲಭ, ಸ್ಟೋರೇಜ್ ಅನ್ನೋ ಸೆಟ್ಟಿಂಗನ್ನ ವೋಲಟೈಲ್ ಅಂತ ಕೊಟ್ರೆ ಎಲ್ಲಾ ರನ್ ಡೈರೆಕ್ಟರಿಯಲ್ಲಿ, ಅಂದ್ರೆ ರ‍್ಯಾಮಲ್ಲೇ ಇರತ್ತೆ, ರನ್‌ಟೈಮ್‌ಮ್ಯಾಕ್ಸ್‌ಯೂಸ್‌ನಲ್ಲಿ ಮಿತಿ ಹಾಕ್ಬಹುದು. ಎಂಜಿನ್‌ಎಕ್ಸ್ ಥರ ತಾನೇ ಫೈಲಿಗೆ ಬರೆಯೋವು ಮಾತ್ರ ಇದಕ್ಕೆ ಬಗ್ಗಲ್ಲ.

ನನ್ ಪ್ರಕಾರ ಬರೀ ರ‍್ಯಾಮಲ್ಲಿಟ್ಟು ಸುಮ್ನಿರೋದು ತಪ್ಪು, ಯಾಕಂದ್ರೆ ಸಿಸ್ಟಮ್ ಹ್ಯಾಂಗ್ ಆಗಿ ಪವರ್ ಕಿತ್ತಾಗ್ಲೇ ಆ ಲಾಗ್ ಬೇಕಾಗೋದು. ಮನೇಲಿ ಹಾರ್ಡ್ ಡಿಸ್ಕ್ ಇರೋ ಇನ್ನೊಂದು ಮಷೀನ್ ಇದ್ರೆ ಸಿಸ್‌ಲಾಗ್‌ನ ಹೊಸ ರೂಪ ಆರ್‌ಸಿಸ್‌ಲಾಗ್‌ನ ಕಾನ್ಫಿಗ್‌ನಲ್ಲಿ ಎರಡು ಆಟ್ ಚಿಹ್ನೆ (@@) ಹಾಕಿ ಅದರ ಐಪಿ ಬರೆದ್ಬಿಡಿ, ಟಿಸಿಪಿ ಮೇಲೆ ಎಲ್ಲಾ ಸಾಲೂ ಅಲ್ಲಿಗೆ ಹೋಗ್ತಿರತ್ತೆ.