ಬೆಟ್ಟಾ ಮೀನು ಮತ್ತು ಅದರ ನೀರು

ಕಳೆದ ಡಿಸೆಂಬರಿನಲ್ಲಿ ತಾಯಿ ಮಗಳಿಬ್ಬರು ನೀಲಿ ಬಣ್ಣದ ಬೆಟ್ಟಾ ಮೀನೊಂದನ್ನು ನನ್ನಲ್ಲಿಗೆ ತಂದಿದ್ದರು. ಅದರ ಈಜುರೆಕ್ಕೆಗಳು ಮುದುಡಿ ಮೈಗೆ ಅಂಟಿಕೊಂಡಿದ್ದವು, ಬಾಲದ ಅಂಚು ಹರಿದ ಬಟ್ಟೆಯಂತೆ ಎಳೆಎಳೆಯಾಗಿತ್ತು. "ಪ್ರತಿ ಭಾನುವಾರ ನೀರನ್ನೆಲ್ಲ ಚೆಲ್ಲಿ, ಬೌಲನ್ನು ಉಜ್ಜಿ ತೊಳೆದು, ಹೊಸ ನೀರು ತುಂಬುತ್ತೇವೆ ಡಾಕ್ಟರೇ" ಎಂದು ತಾಯಿ ಬೇಸರದಿಂದ ಹೇಳಿದರು. ಬಾಟಲಿಯಲ್ಲಿ ತರಲು ಹೇಳಿದ್ದ ಬೌಲಿನ ನೀರಿಗೆ ಅಮೋನಿಯಾ ಪರೀಕ್ಷೆಯ ಹನಿಗಳನ್ನು ಬಿಟ್ಟೆ. ಹಳದಿಯಾಗಿಯೇ ಉಳಿಯಬೇಕಿದ್ದ ನೀರು ಐದು ನಿಮಿಷದೊಳಗೆ ಕಡು ಹಸಿರಾಯಿತು.

ಬೆಟ್ಟಾ ಮೂಲತಃ ಥಾಯ್ಲೆಂಡ್ ಕಡೆಯ ಗದ್ದೆ, ಜೌಗುಗಳ ಮೀನು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಕಿವಿರುಗಳ ಜೊತೆಗೆ ತಲೆಯೊಳಗೆ ಲ್ಯಾಬಿರಿಂತ್ ಎಂಬ ಅಂಗವಿರುವುದರಿಂದ ಅದು ಆಗಾಗ ಮೇಲೆ ಬಂದು ನೇರವಾಗಿ ಗಾಳಿಯನ್ನು ಸೇವಿಸಬಲ್ಲದು. ಅಂಗಡಿಯ ಪುಟ್ಟ ಲೋಟದಲ್ಲೂ ಅದು ಕೆಲಕಾಲ ಬದುಕಿರಲು ಇದೇ ಕಾರಣ. ಆಮ್ಲಜನಕದ ಕೊರತೆಯನ್ನು ತಾಳಿಕೊಳ್ಳಲು ನೆರವಾಗುವ ಈ ಅಂಗ ಅಮೋನಿಯಾದ ವಿಷವನ್ನು ತಡೆಯಲಾರದು ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಮೀನಿನ ಕಿವಿರುಗಳಿಂದಲೂ ತಿನ್ನದೆ ಉಳಿದ ಆಹಾರ ಕೊಳೆಯುವುದರಿಂದಲೂ ಅಮೋನಿಯಾ ನೀರಿಗೆ ಸೇರುತ್ತಲೇ ಇರುತ್ತದೆ. ಫಿಲ್ಟರಿನ ಸ್ಪಂಜಿನಲ್ಲೂ ತಳದ ಕಲ್ಲುಗಳಲ್ಲೂ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ, ಅನಂತರ ಬಹಳ ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ಬೇರೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆ ತಾಯಿಯ ಬೌಲಿನಲ್ಲಿ ಫಿಲ್ಟರ್ ಇರಲಿಲ್ಲ. ಗಾಜಿಗೆ, ಕಲ್ಲಿಗೆ ಅಂಟಿದ್ದಷ್ಟೂ ಬ್ಯಾಕ್ಟೀರಿಯಾ ಭಾನುವಾರದ ತೊಳೆತದಲ್ಲಿ ಹೋಗುತ್ತಿತ್ತು.

ಕನಿಷ್ಠ 15ರಿಂದ 20 ಲೀಟರ್ ನೀರು ಹಿಡಿಯುವ, ಮುಚ್ಚಳವಿರುವ ತೊಟ್ಟಿಯನ್ನು ನಾನು ಸೂಚಿಸುತ್ತೇನೆ. ಬೆಟ್ಟಾ ಹಾರಿ ಹೊರಬೀಳುವ ಮೀನು. ಉದ್ದ ರೆಕ್ಕೆಗಳಿಂದಾಗಿ ನೀರಿನ ಸೆಳೆತದಲ್ಲಿ ಅದು ಬೇಗ ದಣಿಯುವುದರಿಂದ ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್ ಒಳ್ಳೆಯದು. ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಬದಲಿಸಿದರೆ ಸಾಕು. ಹೊಸ ನೀರಿನ ಕ್ಲೋರಿನ್ ಅನ್ನು ಡಿಕ್ಲೋರಿನೇಟರ್ ಹನಿಗಳಿಂದ ನಿವಾರಿಸಬೇಕು, ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ನೀರಿನ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕಾದ್ದರಿಂದ ಬೆಂಗಳೂರಿನ ಚಳಿಗಾಲಕ್ಕೆ ಸಣ್ಣ ಹೀಟರ್ ಅಗತ್ಯ. ಆಹಾರ ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಮೀನಿನ ಆಹಾರದ ಎರಡು ಮೂರು ಸಣ್ಣ ಕಾಳು. ಮಕ್ಕಳು ಪ್ರೀತಿಯಿಂದ ಹಾಕುವ ಹೆಚ್ಚುವರಿ ಚಿಟಿಕೆಯೇ ಹೊಟ್ಟೆಯುಬ್ಬರಕ್ಕೂ ನೀರು ಕೆಡುವುದಕ್ಕೂ ಕಾರಣವಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಆ ನೀಲಿ ಮೀನಿಗೆ ನಾನು ಆಂಟಿಬಯೋಟಿಕ್ ಕೊಡಲಿಲ್ಲ. ದೊಡ್ಡ ತೊಟ್ಟಿಗೆ ಬಿಟ್ಟು, ಅಮೋನಿಯಾ ಇಳಿಯುವವರೆಗೆ ದಿನವೂ ಕಾಲು ಭಾಗ ನೀರು ಬದಲಿಸಲು ಹೇಳಿದೆ. ಮೂರು ವಾರಗಳ ಬಳಿಕ ಮಗಳು ಕಳುಹಿಸಿದ ಚಿತ್ರದಲ್ಲಿ, ಬಾಲದ ಹರಿದ ಅಂಚಿನುದ್ದಕ್ಕೂ ಗಾಜಿನಂತೆ ತಿಳಿಯಾದ ಹೊಸ ಪೊರೆ ಬೆಳೆದಿತ್ತು.