11,000 ಪೌಂಡ್ ಎಳೆಯುವ ಟ್ರಕ್ ನಿಮ್ಮ ಕೈಯಲ್ಲಿ ಎಷ್ಟು ಎಳೆಯುತ್ತದೆ?

ಅಮೆರಿಕದಲ್ಲಿ ಫೋರ್ಡ್ ಎಫ್-150, ಷೆವರ್ಲೆ ಸಿಲ್ವರಾಡೊ 1500, ರ‍್ಯಾಮ್ 1500 ಥರದ ಪಿಕಪ್ ಟ್ರಕ್ ಕೊಳ್ಳಲು ಹೋದರೆ ಮೊದಲು ಕಣ್ಣಿಗೆ ಬೀಳುವುದು ಹಿಂದೆ ಟ್ರೇಲರ್ ಕಟ್ಟಿ ಎಳೆಯುವ ಸಾಮರ್ಥ್ಯ. 11,000 ಪೌಂಡ್ ಎಂದಿದ್ದರೆ ಹೆಚ್ಚುಕಡಿಮೆ 5,000 ಕಿಲೋ. ನನ್ನ ಕೇಳಿದರೆ ಅದು ಕೊನೆಗೆ ನೋಡಬೇಕಾದ ಸಂಖ್ಯೆ. ಮೊದಲು ಡ್ರೈವರ್ ಬಾಗಿಲು ತೆಗೆದು, ಚೌಕಟ್ಟಿಗೆ ಅಂಟಿಸಿರುವ ಟೈರ್ ಸ್ಟಿಕ್ಕರ್ ಓದಿ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿರುತ್ತದೆ. ಅದೇ ಪೇಲೋಡ್. ಸನ್‌ರೂಫ್, ದೊಡ್ಡ ಚಕ್ರ, ಲೆದರ್ ಸೀಟು ಎಂದು ಏರಿಸುತ್ತಾ ಹೋದಷ್ಟೂ ಪೇಲೋಡ್ ಇಳಿಯುತ್ತದೆ. ಹಾಗಾಗಿ ಒಂದೇ ಮಾಡೆಲ್‌ನ ಎರಡು ಟ್ರಕ್‌ಗಳಲ್ಲೂ ಈ ಅಂಕಿ ಬೇರೆ ಬೇರೆ.

ಎಳೆಯುವುದಕ್ಕೂ ಹೊರುವುದಕ್ಕೂ ಏನು ಸಂಬಂಧ ಅಂತೀರಾ? ಟ್ರೇಲರ್‌ನ ಪೂರ್ತಿ ಭಾರ ಅದರ ಚಕ್ರಗಳ ಮೇಲೆ ಕೂರುವುದಿಲ್ಲ. ಒಂದು ಪಾಲು ಹಿಚ್ (ಟ್ರೇಲರನ್ನು ಟ್ರಕ್ಕಿಗೆ ಜೋಡಿಸುವ ಕೊಂಡಿ) ಮೂಲಕ ಟ್ರಕ್ಕಿನ ಹಿಂಭಾಗವನ್ನು ಒತ್ತುತ್ತದೆ. ಇದು ಟಂಗ್ ವೇಟ್. ಸಾಮಾನ್ಯ ಟ್ರೇಲರ್‌ನಲ್ಲಿ ಒಟ್ಟು ಭಾರದ 10ರಿಂದ 15 ಶೇಕಡಾ ಇರಬೇಕು. ಕಡಿಮೆಯಾದರೆ ಹೈವೇ ವೇಗದಲ್ಲಿ ಟ್ರೇಲರ್ ಬಾಲ ಬೀಸಲು ಶುರುಮಾಡುತ್ತದೆ. ಜಾಸ್ತಿಯಾದರೆ ಟ್ರಕ್ಕಿನ ಮೂತಿ ಮೇಲೆದ್ದು ಸ್ಟೀರಿಂಗ್ ಹಿಡಿತ ಹೋಗುತ್ತದೆ. ಈ ಟಂಗ್ ವೇಟ್ ಪೂರಾ ನಿಮ್ಮ ಪೇಲೋಡ್ ಲೆಕ್ಕಕ್ಕೆ ಸೇರುತ್ತದೆ.

ಒಂದು ಲೆಕ್ಕ ಮಾಡೋಣ. ಸ್ಟಿಕ್ಕರ್‌ನಲ್ಲಿ 1,700 ಪೌಂಡ್ ಇದೆ ಎಂದಿಟ್ಟುಕೊಳ್ಳಿ. ಮನೆಯ ನಾಲ್ವರು ಸೇರಿ 650. ಕೂಲರ್, ಬ್ಯಾಗು, ಕುರ್ಚಿ 250. ಹಿಚ್‌ನ ತೂಕವೇ 100. ಉಳಿದದ್ದು 700. ಟಂಗ್ ವೇಟ್ 12 ಶೇಕಡಾ ಎಂದು ಹಿಡಿದರೆ 700ಕ್ಕೆ ಹೊಂದುವ ಟ್ರೇಲರ್ ಸುಮಾರು 5,800 ಪೌಂಡ್. ಬ್ರೋಷರ್‌ನ 11,000 ಅರ್ಧಕ್ಕೆ ಬಂತು, ಅಲ್ವಾ? ಎಂಜಿನ್‌ಗೆ ಇನ್ನೂ ಎಳೆಯುವ ಶಕ್ತಿ ಇದೆ. ಹೊರುವ ಶಕ್ತಿ ಮೊದಲೇ ಮುಗಿಯಿತು.

ಹಾಗಂತ ಕಂಪನಿಯ ಅಂಕಿ ಸುಮ್ನೆ ಬರೆದದ್ದಲ್ಲ. ಎಸ್‌ಎಇ ಜೆ2807 ಎಂಬ ಮಾನದಂಡವಿದೆ, ಎಳೆಯುವ ಸಾಮರ್ಥ್ಯ ಅಳೆಯಲು ವಾಹನ ಎಂಜಿನಿಯರುಗಳ ಸಂಘ ಮಾಡಿದ್ದು. ಅದನ್ನು ಮೊದಲು ಒಪ್ಪಿದ್ದು ಟೊಯೋಟ, 2011ರ ಟಂಡ್ರಾಕ್ಕೆ. ಈ ಪರೀಕ್ಷೆಗೆ ಮಾದರಿ ಅರಿಝೋನಾದ ಡೇವಿಸ್ ಡ್ಯಾಮ್ ಹತ್ತಿರದ ಏರುದಾರಿ, 11.4 ಮೈಲಿ. 38 ಡಿಗ್ರಿ ಬಿಸಿಲಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಕಷ್ಟದ ಪರೀಕ್ಷೆಯೇ. ಆದರೆ ಒಳಗಿರುವುದು ಇಬ್ಬರು, ತಲಾ 150 ಪೌಂಡ್. ಮಕ್ಕಳು, ಅಜ್ಜಿ, ಬಿರಿಯಾನಿ ಪಾತ್ರೆ ಯಾವುದೂ ಆ ಲೆಕ್ಕದಲ್ಲಿಲ್ಲ.

ಉಳಿದ ಹೆಸರುಗಳು ಬೇಗ ಮುಗಿಯುತ್ತವೆ. ಜಿವಿಡಬ್ಲ್ಯುಆರ್ ಎಂದರೆ ಜನ, ಸಾಮಾನು, ಟಂಗ್ ವೇಟ್ ಸೇರಿ ಟ್ರಕ್ ಒಂದೇ ತೂಗಬಹುದಾದ ಗರಿಷ್ಠ ಭಾರ. ಜಿಸಿಡಬ್ಲ್ಯುಆರ್ ಎಂದರೆ ಟ್ರಕ್, ಟ್ರೇಲರ್ ಎರಡೂ ಸೇರಿ. ಹಿಂದಿನ ಆಕ್ಸಲ್‌ಗೆ ಬೇರೆಯೇ ಮಿತಿ ಇದೆ. ಹಿಚ್ ತೂರಿಸುವ ರಿಸೀವರ್ ಮೇಲೂ ಮಿತಿ ಹೇಳುವ ಒಂದು ಲೇಬಲ್ ಇರುತ್ತದೆ: ವೇಟ್-ಡಿಸ್ಟ್ರಿಬ್ಯೂಟಿಂಗ್ ಹಿಚ್ ಇಲ್ಲದಿದ್ದರೆ ಕಡಿಮೆ, ಇದ್ದರೆ ಜಾಸ್ತಿ. ಈ ಹಿಚ್ ಭಾರವನ್ನು ಮುಂದಿನ ಆಕ್ಸಲ್‌ಗೂ ಹಂಚುತ್ತದೆ. ಆದರೆ ಬಾಗಿಲ ಸ್ಟಿಕ್ಕರ್‌ನ ಅಂಕಿಯನ್ನು ಹೆಚ್ಚಿಸುವುದಿಲ್ಲ. ಇಷ್ಟರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ನಿಮ್ಮ ಮಿತಿ.

ಟ್ರೇಲರ್ ಮಾರುವವರು ಹೇಳುವ ಡ್ರೈ ವೇಟ್, ಅಂದರೆ ಖಾಲಿ ಟ್ರೇಲರ್ ತೂಕ, ನಂಬಿ ಲೆಕ್ಕ ಹಾಕಬೇಡಿ. 40 ಗ್ಯಾಲನ್ ನೀರು ತುಂಬಿದರೆ ಅದೇ 330 ಪೌಂಡ್. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಪಾತ್ರೆಪಗಡ ಆಮೇಲಿನ ಮಾತು. ಟ್ರೇಲರ್‌ನದೇ ಜಿವಿಡಬ್ಲ್ಯುಆರ್ ಹಿಡಿದು ಲೆಕ್ಕ ಮಾಡುವುದು ಒಳ್ಳೆಯದು. ಖಚಿತವಾಗಿ ಬೇಕೆಂದರೆ ಎಲ್ಲ ತುಂಬಿಕೊಂಡು ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್‌ ಎಂಬ ವಾಹನ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರರ ತೂಕವನ್ನೂ ಬೇರೆ ಬೇರೆ ಬರೆದ ಚೀಟಿ ಕೊಡುತ್ತಾರೆ.